ಎಡಕ್ಕೆ ವಾಲಿದ ಧ್ಯಾನ

ವೇದಿಕೆಯ ಮೇಲಿರುವ ಮಾನ್ಯ ಅಧ್ಯಕ್ಷರೇ, ಆಗಲೇ ಗಡಿಯಾರ ನೋಡುತ್ತಿರುವ ಮುಖ್ಯ ಅತಿಥಿಗಳೇ, ಫೋನು ಇನ್ನೂ ಕೈಗೆ ಸಿಗದೆ ಚಡಪಡಿಸುತ್ತಿರುವ ಶಿಬಿರದ ಮಕ್ಕಳೇ, ಹೆತ್ತವರೇ, ಸಭಿಕರೇ,

ಈ ಫೋನಿನ ಕಾಲದಲ್ಲಿ ಮಕ್ಕಳನ್ನು ಧ್ಯಾನಕ್ಕೆ ಕೂರಿಸುವುದು ಹೇಗೆ? ಈ ಬಗ್ಗೆ ಎರಡು ಮಾತಾಡಿ ಎಂದು ಅಧ್ಯಕ್ಷರ ಅಪ್ಪಣೆಯಾಗಿದೆ. ಶಿಬಿರ ಶುರುವಾದ ದಿನ ಅವರ ಅಪ್ಪಣೆ ಬೇರೆ ಇತ್ತು. ಕಳೆದ ಸಲ ಅರ್ಧಕ್ಕರ್ಧ ಮಕ್ಕಳು ಧ್ಯಾನದ ನಡುವೆ ಎದ್ದು ಹೋದರು, ಈ ಸಲ ಒಬ್ಬರು ಎದ್ದರೂ ಶಿಬಿರಕ್ಕೆ ಬೀಗ ಎಂದಿದ್ದರು.

ಧ್ಯಾನ ಹೇಳಿಕೊಡುವವನು ನಾನೇ. ನಿವೃತ್ತನಾದ ಮೇಷ್ಟ್ರಿಗೆ ಈ ಶಿಬಿರ ಬಿಟ್ಟರೆ ಎದುರಿಗೆ ಕೂರುವವರು ಯಾರು? ಮನೆಯಲ್ಲೇ? ಮೊನ್ನೆ ನಾನು ಕುರ್ಚಿಯಿಂದ ಧೊಪ್ಪನೆ ಬಿದ್ದಾಗ ನನ್ನ ಮಗ ಫೋನಿನಿಂದ ತಲೆ ಎತ್ತದೆ, “ಅಪ್ಪಾ, ಏನೋ ಬಿದ್ದ ಹಾಗಾಯ್ತು, ಸ್ವಲ್ಪ ನೋಡಿ” ಎಂದ. ಇರಲಿ, ಅದು ಮನೆಯ ವಿಷಯ. ಅವನೂ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದಾನೆ, ನಾಚಿಕೆಯಿಂದಲ್ಲ.

ಆದರೆ ಈ ಸಲ ಏನಾಯಿತು? ಒಬ್ಬರೂ ಏಳಲಿಲ್ಲ. ನಾನು ಕಣ್ಣು ಮುಚ್ಚಿ ಕೂತೆ, ತೆರೆದಾಗ ಎಲ್ಲರೂ ಇದ್ದಲ್ಲೇ ಇದ್ದರು. ಎಲ್ಲ ನನ್ನ ಸಾಧನೆಯ ಫಲ ಎಂದು ಉಬ್ಬಿಹೋದೆ. ಊಟದ ಹೊತ್ತಿಗೆ, ಶಿಬಿರದಲ್ಲೇ ಇದ್ದ ಮೊಮ್ಮಗಳು ಗುಟ್ಟು ಬಿಟ್ಟುಕೊಟ್ಟಳು. “ತಾತ, ನೀವು ತೂಕಡಿಸೋದನ್ನ ನೋಡ್ತಾ ಇರ್ತೀವಿ. ಎಡಕ್ಕೆ ವಾಲ್ತೀರ, ಇನ್ನೇನು ಬೀಳ್ಬೇಕು, ಮತ್ತೆ ನೆಟ್ಟಗಾಗ್ತೀರ. ಮಧ್ಯೆ ಎದ್ದು ಹೋದ್ರೆ ನೀವು ಬೀಳೋದನ್ನ ನೋಡೋದು ತಪ್ಪಿಹೋಗುತ್ತಲ್ಲ.”

ಏಕಾಗ್ರತೆ ಏಕಾಗ್ರತೆಯೇ ಅಲ್ಲವೇ, ಸಭಿಕರೇ? ಹಾಗೆಂದು ಸಮಾಧಾನ ಮಾಡಿಕೊಂಡೆ.

ನಿನ್ನೆ ಕೊನೆಯ ಧ್ಯಾನ. ಅಧ್ಯಕ್ಷರೇ ಬಂದು ಬಾಗಿಲಲ್ಲಿ ನಿಂತರು. ಹೆದರಿಕೆಗೆ ನನಗೆ ನಿದ್ದೆಯೇ ಹತ್ತಲಿಲ್ಲ, ಕಂಬದ ಹಾಗೆ ಕೂತಿದ್ದೆ. ಮಕ್ಕಳಿಗೆ ಬೇಜಾರಾಯಿತು. ಒಬ್ಬ ಆಕಳಿಸಿದ, ಒಬ್ಬಳು ಚಪ್ಪಲಿ ಕಡೆ ನೋಡತೊಡಗಿದಳು. ಇನ್ನೇನು ಮಾಡಲಿ? ಬೇಕೆಂದೇ ಎಡಕ್ಕೆ ವಾಲಿದೆ. ಸಭಾಂಗಣವೆಲ್ಲ ಉಸಿರು ಬಿಗಿಹಿಡಿಯಿತು. ಹುಮ್ಮಸ್ಸಿನಲ್ಲಿ ಇನ್ನಷ್ಟು ವಾಲಿದೆ. ನಿದ್ದೆಯಲ್ಲಿ ಸಲೀಸಾಗಿ ಬರುತ್ತಿದ್ದ ನೆಟ್ಟಗಾಗುವ ವಿದ್ಯೆ ಎಚ್ಚರದಲ್ಲಿ ಕೈಕೊಟ್ಟಿತು. ಬಿದ್ದೆನೇ? ಇಲ್ಲ. ಮಕ್ಕಳೆಲ್ಲ ಒಟ್ಟಿಗೆ ಎದ್ದು ಓಡಿಬಂದು ಹಿಡಿದುಕೊಂಡರು.

ಅಧ್ಯಕ್ಷರೇ, ಎದ್ದದ್ದು ನಿಜ. ಒಬ್ಬರಲ್ಲ, ಅಷ್ಟೂ ಮಂದಿ. ನಿಮ್ಮ ಮಾತಿನಂತೆ ಬೀಗ ಹಾಕಬಹುದು. ಆದರೆ ನಾನು ಬಿದ್ದರೆ ತಲೆ ಎತ್ತಿ ನೋಡುವವರು ಇಷ್ಟು ಜನ ಸಿಕ್ಕಿದ್ದಾರೆ, ದಯವಿಟ್ಟು ಕಸಿದುಕೊಳ್ಳಬೇಡಿ.

ನಿದ್ದೆ ಮಾಡದೆ ಕೇಳಿದ ನಿಮಗೆಲ್ಲ ಧನ್ಯವಾದಗಳು. ಮಕ್ಕಳೇ, ಯಾಕೆ ಏಳುತ್ತಿದ್ದೀರಿ? ಕೂತುಕೊಳ್ಳಿ, ನಾನು ಬೀಳುತ್ತಿಲ್ಲ, ಕೈಮುಗಿಯಲು ಬಾಗುತ್ತಿದ್ದೇನೆ. ಹಿಂದಿನ ಸಾಲಿನಲ್ಲಿ ಎದ್ದು ನಿಂತವನು ಯಾರು? ನೀನೇನೋ? ಕೂತ್ಕೊ ಮಗನೇ, ಏನೂ ಆಗಿಲ್ಲ.

ಎಲ್ಲರಿಗೂ ನಮಸ್ಕಾರ.