ವಿಸಿಲ್ ಊದುವ ಮೊದಲು

ಆಟಿ ತಿಂಗಳ ಒಂದು ಸೋಮವಾರ, ಬೆಳಿಗ್ಗೆ ಎಂಟು ಗಂಟೆ, ಮಳೆ ಸ್ವಲ್ಪ ಬಿಟ್ಟಿತ್ತು. ಹಂಪನಕಟ್ಟೆಯ ಬಸ್‌ಸ್ಟಾಪಿನಲ್ಲಿ ನನ್ನ ಪಕ್ಕ ಗಂಡ ಹೆಂಡತಿ ಕುಳಿತಿದ್ದರು. ನಡುವೆ ಯೂನಿಫಾರ್ಮ್ ಹಾಕಿದ ಐದು ವರ್ಷದ ಮಗಳು ಯಶ್ಮಿತಾ. ಗಂಡ ಶಾಲೆಯ ಫಾರ್ಮ್ ಓದುತ್ತಿದ್ದ.

"ಮಗುವಿಗೆ ತೊಂದರೆ ಏನಾದ್ರೂ ಉಂಟಾ ಅಂತ ಕೇಳಿದ್ದಾರೆ. ಇಲ್ಲ ಅಂತ ಬರೀತೇನೆ."

"ಉಂಟು ಅಂದ್ರೆ ಇವಳ ಹತ್ತಿರ ಒಬ್ಬರು ಆಯಾನನ್ನು ಕೂರಿಸ್ತಾರಂತೆ. ಟೀಚರೇ ಹೇಳಿದ್ದು."

"ಡಾಕ್ಟ್ರೇ ಇನ್ನೂ ಎಂತ ಅಂತ ಹೇಳ್ಲಿಲ್ಲ. ನಾನು ಯಾವ ಹೆಸರು ಬರೆಯುವುದು?"

"ಡಾಕ್ಟ್ರ ಡೇಟ್ ಸಿಕ್ಕಿದ್ದು ದೀಪಾವಳಿ ಕಳೆದ ಮೇಲೆ. ಅಲ್ಲಿವರೆಗೆ ಬೆಲ್ ಹೊಡೆದಾಗೆಲ್ಲ ಇವಳು ಬೆಂಚಿನಡಿ ಕೂರ್ಬೇಕಾ?"

"ಒಮ್ಮೆ ಬರೆದ್ರೆ ಅಳಿಸ್ಲಿಕ್ಕಾಗುದಿಲ್ಲ ಮಾರಾಯ್ತಿ. ಮದುವೆವರೆಗೂ ಹಿಂದೆ ಬರ್ತದೆ."

"ಮದುವೆಯಂತೆ! ಮೊದಲು ಯುಕೆಜಿ ದಾಟಲಿ."

"ನಾನೂ ಸಣ್ಣದಿರುವಾಗ ಜಾತ್ರೆಯಲ್ಲಿ ಗರ್ನಾಲು ಸಿಡಿದ್ರೆ ಹೆದರಿ ಓಡ್ತಿದ್ದೆ."

"ನೀವು ಓಡಿದ್ದು. ಇವಳಿಗೆ ಉಸಿರೇ ಕಟ್ತದೆ."

ಆತ ಪೆನ್ನಿನ ಮುಚ್ಚಳ ತೆಗೆದ, ಮತ್ತೆ ಹಾಕಿದ. ಕೊಟ್ಟಾರದ ಬಸ್ಸು ಬಂತು. ಕಂಡಕ್ಟರ್ ಇಳಿದು ವಿಸಿಲ್ ಬಾಯಿಗಿಟ್ಟ. ಗಂಡ ಎದ್ದವನೇ ಎರಡೂ ಕೈಗಳಿಂದ ಮಗಳ ಕಿವಿ ಮುಚ್ಚಿದ. ಫಾರ್ಮ್ ಕೆಳಗೆ ಬಿತ್ತು.

"ವಿಸಿಲ್ ಬೇಡ ಮಾರಾಯ! ಇವಳಿಗೆ ಶಬ್ದ ಆಗುದಿಲ್ಲ. ಕೈ ತೋರಿಸಿದ್ರೆ ಸಾಕು."

ಕಂಡಕ್ಟರ್ ವಿಸಿಲನ್ನು ಕಿಸೆಗೆ ಹಾಕಿದ. ಹೆಂಡತಿ ಫಾರ್ಮ್ ಹೆಕ್ಕಿ ಸೆರಗಿನಲ್ಲಿ ಒರೆಸಿದಳು.

"ಹೆಸರು ಬೇಡ. ಈಗ ಕಂಡಕ್ಟರಿಗೆ ಹೇಳಿದಿರಲ್ಲ, ಅದನ್ನೇ ಬರೆಯಿರಿ."

"ಬಸ್ಸಲ್ಲಿ ಅಕ್ಷರ ಸೊಟ್ಟ ಆಗ್ತದೆ."

"ಆಗಲಿ."

ಮೂವರೂ ಹತ್ತಿ ಹೋದರು. ನಾನು ಇಲ್ಲಿ ಬಸ್ಸು ಕಾದ ನಲವತ್ತು ವರ್ಷದಲ್ಲಿ ವಿಸಿಲ್ ಊದದೆ ಬಸ್ಸು ಹೊರಟದ್ದನ್ನು ನಾನು ಕಂಡದ್ದು ಆ ಒಂದು ಸೋಮವಾರ.