ಮುನ್ನೂರ ನಲವತ್ತು ನಿಮಿಷ

ಶ್ರೀಲತಾ ಕೋಂ ಭೀಮರಾಜು, ವಯಸ್ಸು 38 ವರ್ಷ, ಕಸುಬು ಹೊಲಿಗೆ ಮತ್ತು ಸಂಜೆ ವಯಸ್ಕರ ಅಕ್ಷರ ತರಗತಿಯಲ್ಲಿ ಪಾಠ ಹೇಳುವುದು, ವಾಸ ಹಳೇ ಸಂತೆ ಮಾಳದ ಹಿಂಭಾಗ, ಮಧುಗಿರಿ ಟೌನ್. ಈ ದಿನ ದಿನಾಂಕ 22-04-2025 ರಂದು ಸಂಜೆ 4-30 ಗಂಟೆಗೆ ಠಾಣೆಗೆ ಹಾಜರಾಗಿ, ಅತ್ತೆಯವರು ಕಾಣೆಯಾದ ಬಗ್ಗೆ ಬೆಳಿಗ್ಗೆ ನಾನೇ ಕೊಟ್ಟಿದ್ದ ದೂರಿನ ಸಂಬಂಧ ಹೇಳಿ ಬರೆಸಿದ್ದೇನೆಂದರೆ:

ನಾನು ಮೇಲ್ಕಂಡ ವಿಳಾಸದಲ್ಲಿ ಗಂಡ ಹಾಗೂ ಅತ್ತೆ ಚಿಕ್ಕಹನುಮಕ್ಕ, 66 ವರ್ಷ, ಇವರೊಂದಿಗೆ ವಾಸವಾಗಿರುತ್ತೇನೆ. ಗಂಡ ಪಾವಗಡ ಮಾರ್ಗದ ಬಸ್ ಚಾಲಕರು. ಅತ್ತೆಯವರು ಮೂವತ್ತು ವರ್ಷ ಸಂತೆಯಲ್ಲಿ ಸೊಪ್ಪು ಮಾರಿದವರು. ಓದು ಬರಹ ಬರುತ್ತಿರಲಿಲ್ಲವಾದ್ದರಿಂದ ಕಳೆದ ವರ್ಷದಿಂದ ನನ್ನ ತರಗತಿಗೇ ಬರುತ್ತಿದ್ದಾರೆ. ಮನೆಯಲ್ಲಿ ನಾನು ಅವರ ಮಾತು ಕೇಳಬೇಕು, ತರಗತಿಯಲ್ಲಿ ಅವರು ನನ್ನ ಮಾತು ಕೇಳಬೇಕು ಎಂದು ಒಪ್ಪಂದವಾಗಿತ್ತು. ಮೊದಲನೆಯದು ನಡೆಯುತ್ತಿದೆ.

ನಿನ್ನೆ ಸೋಮವಾರ ಸಂಜೆ ತರಗತಿಯಲ್ಲಿ ಗಡಿಯಾರದ ಲೆಕ್ಕದ ಪರೀಕ್ಷೆ ಇಟ್ಟಿದ್ದೆ. ಒಬ್ಬರು ಬೆಟ್ಟ ಹತ್ತಲು 2 ಗಂಟೆ, ಇಳಿಯಲು 1 ಗಂಟೆ 40 ನಿಮಿಷ ತೆಗೆದುಕೊಂಡರೆ ಒಟ್ಟು ಎಷ್ಟು ನಿಮಿಷ ಎಂಬುದು ನಾನು ಕೇಳಿದ ಪ್ರಶ್ನೆ. ಅತ್ತೆಯವರು 340 ಎಂದು ಬರೆದರು. ಗಂಟೆಗೆ 60ರಂತೆ ಮೂರು ಗಂಟೆಗೆ 180, ಅದಕ್ಕೆ 40 ಸೇರಿಸಿದರೆ 220 ಎಂದು ಹೇಳಿ, ಎಲ್ಲರ ಮುಂದೆಯೇ ತಪ್ಪು ಗುರುತು ಹಾಕಿದೆ. ಅತ್ತೆಯವರು ಎದ್ದು ನಿಂತು, "ರೂಪಾಯಿಗೆ ನೂರು ಪೈಸೆ ಕಣಮ್ಮ. ಗಂಟೆಗೆ ಮಾತ್ರ ಅರವತ್ತಾ? ಉಳಿದ ನಲವತ್ತು ಯಾರು ತಿಂದ್ಬುಟ್ರು?" ಎಂದು ಕೇಳಿದರು. ತರಗತಿಯವರೆಲ್ಲ ನಕ್ಕರು. ನಾನೂ ನಕ್ಕೆ. ರಾತ್ರಿ ಅವರು ಊಟಕ್ಕೆ ಕುಳಿತರೂ ನನ್ನ ಕೈಯಿಂದ ಸಾರು ಹಾಕಿಸಿಕೊಳ್ಳಲಿಲ್ಲ, ತಾವೇ ಬಡಿಸಿಕೊಂಡರು.

ಈ ದಿನ ಬೆಳಿಗ್ಗೆ 6-40ಕ್ಕೆ ಅತ್ತೆಯವರು ಕೊತ್ತಂಬರಿ ಸೊಪ್ಪು ತರುತ್ತೇನೆಂದು ಹೊರಟರು. 8-30 ಆದರೂ ಬರಲಿಲ್ಲ. ಅವರ ಮೊಬೈಲ್ ಅಕ್ಕಿ ಡಬ್ಬದ ಮೇಲೆಯೇ ಇತ್ತು. ನನ್ನ ಕೈಗಡಿಯಾರ ಕಾಣಿಸಲಿಲ್ಲ. ಮೊದಲು ಗಡಿಯಾರದ ಬಗ್ಗೆಯೇ ಸಿಟ್ಟು ಬಂತು, ಇದನ್ನು ಮುಚ್ಚಿಡುವುದಿಲ್ಲ. ಅಕ್ಕಪಕ್ಕದ ಮನೆ, ತರಕಾರಿ ಸಾಲು, ಬಸ್ ನಿಲ್ದಾಣ ಎಲ್ಲ ಹುಡುಕಿದರೂ ಎಲ್ಲೂ ಸಿಗಲಿಲ್ಲ. 10-15ಕ್ಕೆ ಈ ಠಾಣೆಗೆ ಬಂದು ದೂರು ಕೊಟ್ಟೆ. ಪೇದೆ ಚೇತನ್ ಕುಮಾರ್ ಅವರನ್ನು ನನ್ನ ಜೊತೆ ಕಳುಹಿಸಿದರು.

ಹೂವಿನ ಅಂಗಡಿಯ ಸರ್ವಮಂಗಳಾ ಎಂಬುವವರು, ಅತ್ತೆಯವರು ಬೆಳಿಗ್ಗೆ ಬೆಟ್ಟದ ಕಡೆ ಬಿರಬಿರನೆ ಹೋಗುತ್ತಿದ್ದುದನ್ನು ಕಂಡೆನೆಂದು ತಿಳಿಸಿದರು. ನಾವು 11-25ಕ್ಕೆ ಬೆಟ್ಟದ ಬುಡ ತಲುಪಿದೆವು. ಅಲ್ಲಿ ಎಳನೀರು ಮಾರುವ ರಂಗೇಶ್ ಎಂಬುವವರನ್ನು ವಿಚಾರಿಸಲಾಗಿ, "ಅಜ್ಜಿ ಏಳು ಇಪ್ಪತ್ತಕ್ಕೆ ಹತ್ತೋಕೆ ಸುರು ಮಾಡುದ್ರು. ಮುನ್ನೂರ ನಲವತ್ತು ನಿಮಿಷಕ್ಕೆ ವಾಪಸ್ ಬತ್ತೀನಿ, ಒಂದು ಎಳನೀರು ಎತ್ತಿಟ್ಟಿರಪ್ಪ ಅಂದ್ರು. ಇಗೋ, ಎತ್ತಿಟ್ಟಿವ್ನಿ" ಎಂದು ಎಳನೀರನ್ನೂ ತೋರಿಸಿದರು.

ಚೇತನ್ ಕುಮಾರ್ ಅವರು ಮೊಬೈಲಿನಲ್ಲಿ ಲೆಕ್ಕ ಹಾಕಿದರು. 340 ನಿಮಿಷವೆಂದರೆ 5 ಗಂಟೆ 40 ನಿಮಿಷ, ಅಂದರೆ ಮಧ್ಯಾಹ್ನ ಸರಿಯಾಗಿ 1 ಗಂಟೆಗೆ ಬರುತ್ತಾರೆ, ಹೇಳಿಯೇ ಹೋಗಿದ್ದಾರಾದ್ದರಿಂದ ಇದು ಕಾಣೆಯಾದ ಪ್ರಕರಣವೇ ಅಲ್ಲ, ಇನ್ನೂ 95 ನಿಮಿಷ ಇದೆ, ನೆರಳಲ್ಲಿ ಕೂತಿರೋಣ ಎಂದರು. ಅವರ ಲೆಕ್ಕದಲ್ಲಿ ಒಂದು ನಿಮಿಷವೂ ತಪ್ಪಿರಲಿಲ್ಲ. ಅದನ್ನು ಕೇಳಿದಾಗಲೇ ನನಗೆ ಹೊಳೆಯಿತು. 340 ಎಂಬುದು ನಾನು ನಿನ್ನೆ ತಪ್ಪು ಹಾಕಿದ ಉತ್ತರ. ಅತ್ತೆಯವರ ಗಂಟೆಯಲ್ಲಿ ನೂರು ನಿಮಿಷ. ಅವರು ಹೇಳಿ ಹೋದದ್ದು 3 ಗಂಟೆ 40 ನಿಮಿಷ. ಅಂದರೆ 11 ಗಂಟೆಗೇ ಬರಬೇಕಿತ್ತು, ಆಗಲೇ 25 ನಿಮಿಷ ತಡವಾಗಿತ್ತು. ಮೂವತ್ತು ವರ್ಷದಲ್ಲಿ ಒಂದು ದಿನವೂ ಸಂತೆಗೆ ತಡವಾಗಿ ಹೋದವರಲ್ಲ ನಮ್ಮತ್ತೆ. ಮೇಲೆ ಏನೋ ಆಗಿದೆ ಎಂದು ಕೂಗಿಕೊಂಡು ನಾನು ಚಪ್ಪಲಿ ಬಿಟ್ಟು ಹತ್ತತೊಡಗಿದೆ. ಚೇತನ್ ಕುಮಾರ್ ಅವರು ನನ್ನನ್ನು ದಾಟಿಕೊಂಡು ಹೋದರು. ರಂಗೇಶ್ ಅವರು ಎಳನೀರು ಹಿಡಿದು ಹಿಂದೆ ಬಂದರು.

12-05ಕ್ಕೆ, ಕಬ್ಬಿಣದ ಕಂಬಿ ಹಿಡಿದು ಹತ್ತುವ ಜಾಗದ ಕೆಳಗೆ, ಕೋಟೆ ಬಾಗಿಲ ಗೋಡೆಗೆ ಒರಗಿ ಅತ್ತೆಯವರು ಕುಳಿತಿದ್ದರು. 8-45ಕ್ಕೇ ಎಡಗಾಲು ಉಳುಕಿ ಏಳಲಾಗದೆ ಅಲ್ಲೇ ಉಳಿದಿದ್ದರು. ಈ ದಿನ ಬೇರೆ ಯಾರೂ ಬೆಟ್ಟ ಹತ್ತಿರಲಿಲ್ಲ. ತಂದಿದ್ದ ನೀರು ಮುಗಿದಿತ್ತು. ಗೋಡೆಯ ನೆರಳು ಸರಿದು ಅವರ ಮೊಣಕಾಲಿನವರೆಗೆ ಬಿಸಿಲು ಬಂದಿತ್ತು. ಬಂಡೆಯ ಮೇಲೆ ಅಂಗೈ ಇಡಲಾಗುತ್ತಿರಲಿಲ್ಲ. ಇನ್ನೂ 95 ನಿಮಿಷ ತಡವಾಗಿದ್ದರೆ ಏನಾಗುತ್ತಿತ್ತೆಂದು ಬರೆಸಲು ನನಗೆ ಮನಸ್ಸಿಲ್ಲ.

ಅವರ ಪಕ್ಕದಲ್ಲಿ ಕುಳಿತು ಅತ್ತುಬಿಟ್ಟೆ. ಅತ್ತೆಯವರು ಎಳನೀರನ್ನು ಒಂದೇ ಉಸಿರಿಗೆ ಕುಡಿದು, ನನ್ನ ಗಡಿಯಾರವನ್ನು ಕೈಯಿಂದ ಬಿಚ್ಚಿ ಕೊಟ್ಟು, "ಅರವತ್ತೇ ಕಣಮ್ಮ. ಓಡ್ತಾ ಇರೋ ಸೆಕೆಂಡ್ ಮುಳ್ಳು ಸುತ್ತಾಕೋದ್ನ ಬೆರಳ ಗೆಣ್ಣಿನ ಮೇಲೆ ಎಣಿಸ್ದೆ. ಒಂಬತ್ತರಿಂದ ಹತ್ತಕ್ಕೆ ಅರವತ್ತು ಸುತ್ತು. ನಂಬ್ಕೆ ಬರ್ಲಿಲ್ಲ, ಹತ್ತರಿಂದ ಹನ್ನೊಂದಕ್ಕೂ ಎಣಿಸ್ದೆ. ಅಷ್ಟೇ" ಎಂದರು. ಇದನ್ನು ನೋಡಲು ಬೆಟ್ಟ ಯಾಕೆ ಹತ್ತಬೇಕಿತ್ತು, ಮನೆಯ ಗೋಡೆಯಲ್ಲಿ ಗಡಿಯಾರವಿಲ್ಲವೇ ಎಂದು ಕೇಳಿದ್ದಕ್ಕೆ, "ನೀನು ಕೇಳಿದ್ದು ಬೆಟ್ಟದ ಲೆಕ್ಕ ಅಲ್ವಾ?" ಎಂದರು. ಅಳುತ್ತಿದ್ದವಳಿಗೆ ನಗು ಬಂತು.

ಚೇತನ್ ಕುಮಾರ್ ಮತ್ತು ರಂಗೇಶ್ ಅವರು ಸರದಿಯ ಮೇಲೆ ಬೆನ್ನಿಗೆ ಹೊತ್ತು ಅತ್ತೆಯವರನ್ನು ಕೆಳಗಿಳಿಸಿದರು. ಚೇತನ್ ಕುಮಾರ್ ಅವರ ಬೆನ್ನ ಮೇಲಿಂದಲೇ ಅತ್ತೆಯವರು ಇನ್ನೊಂದು ಮಾತು ತೆಗೆದರು. ತಮ್ಮ ತಪ್ಪು ಲೆಕ್ಕ ಹಿಡಿದೇ ಸೊಸೆ ಬೇಗ ಬಂದಳಾದ್ದರಿಂದ ಆ ಉತ್ತರಕ್ಕೆ ಅಂಕ ಕೊಡಬೇಕೆಂದರು. ಚೇತನ್ ಕುಮಾರ್ ಅವರೂ ಏದುಸಿರು ಬಿಡುತ್ತಾ, "ಕೊಟ್ಬುಡಿ ಮೇಡಂ, ನನ್ ಸರಿ ಲೆಕ್ಕ ನಂಬ್ಕೊಂಡು ಕೂತಿದ್ರೆ ಕೆಡ್ತಿತ್ತು" ಎಂದರು.

ಆಸ್ಪತ್ರೆಯಲ್ಲಿ ಮೂಳೆ ಮುರಿದಿಲ್ಲವೆಂದು ಹೇಳಿ ಪಟ್ಟಿ ಕಟ್ಟಿ ಕಳುಹಿಸಿದ್ದಾರೆ. ಅತ್ತೆಯವರು ಈಗ ಠಾಣೆಯ ಬೆಂಚಿನ ಮೇಲೆ ಕಾಲು ನೀಡಿ ಕುಳಿತು, ನಾನು ಬರೆಸುವುದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಾರೆ. ನನಗೆ ಯಾರ ಮೇಲೂ ದೂರಿಲ್ಲ. ಬಹಳ ಸಮಾಧಾನವಾಗಿದೆ. ಪ್ರಕರಣವನ್ನು ಮುಕ್ತಾಯಗೊಳಿಸಲು ಕೋರುತ್ತೇನೆ.

ಅಂಕದ ವಿಷಯವನ್ನೂ ಇಲ್ಲಿಯೇ ದಾಖಲಿಸಿಕೊಳ್ಳಬೇಕೆಂದು ಅತ್ತೆಯವರು ಬೆಂಚಿನಿಂದ ಹೇಳುತ್ತಿರುವುದರಿಂದ ಬರೆಸುತ್ತಿದ್ದೇನೆ. ಅಂಕ ಕೊಡುವುದಿಲ್ಲ. ಅವರ ಗಂಟೆಗೆ ನೂರು ನಿಮಿಷವೆಂಬುದು ಬೆಟ್ಟದ ಬುಡದಲ್ಲಿದ್ದವರ ಪೈಕಿ ನನಗೊಬ್ಬಳಿಗೆ ಗೊತ್ತಿತ್ತು, ನಾನು ಹತ್ತಿರವೇ ಇದ್ದೆ, ಬಂದೆ. ಇನ್ನೊಂದು ದಿನ ಅವರಿಗಾಗಿ ಕಾಯುವವರು ನಾನೇ ಆಗಿರುತ್ತೇನೆಂದು ಯಾರು ಹೇಳಬಲ್ಲರು? ಅವರು ಎಷ್ಟು ಹೊತ್ತಿಗೆ ಬರುತ್ತಾರೆಂಬುದು ದಾರಿಯಲ್ಲಿ ಹೋಗುವವರಿಗೂ ತಿಳಿಯುವಂತಿರಬೇಕು. ಆದ್ದರಿಂದ ಉತ್ತರ 220, ಅಂಕ ಸೊನ್ನೆ.

ಮೇಲೆ ಬರೆಸಿದ್ದನ್ನು ಓದಿಸಿ ಕೇಳಿದೆ, ನಡೆದದ್ದು ನಡೆದ ಹಾಗೆಯೇ ಇದೆ. ಅತ್ತೆಯವರೂ ಕೇಳಿ, ಕೊನೆಯ ಸಾಲೊಂದನ್ನು ಬಿಟ್ಟು ಉಳಿದದ್ದಕ್ಕೆ ಒಪ್ಪಿದ್ದಾರೆ.

ಸ್ಥಳ: ಮಧುಗಿರಿ
ದಿನಾಂಕ: 22-04-2025
ಸಹಿ: ಶ್ರೀಲತಾ