ಟೆಲಿಫೋನ್ ಹೇಮಾಕ್ಷಿಯ ಬೀಳ್ಕೊಡುಗೆ

ಮಾನ್ಯ ಅಧ್ಯಕ್ಷರೇ, ವೇದಿಕೆಯಲ್ಲಿ ಕುರ್ಚಿ ಸಿಕ್ಕಿದ ಗಣ್ಯರೇ, ಐಸ್‌ಕ್ರೀಮಿಗಾಗಿ ಕಾದಿರುವ ಸಭಿಕರೇ,

ಶಾಲು ಬಂತು, ಹಾರ ಬಂತು, ಹಣ್ಣಿನ ಬುಟ್ಟಿಯೂ ಬಂತು. ಈ ಹಂಚಿನ ಕಂಪೆನಿಯ ಟೆಲಿಫೋನ್ ಬೋರ್ಡ್ ನೋಡಿಕೊಂಡ ಕುರುಡಿ ಹೇಮಾಕ್ಷಿಯನ್ನು, ಅಂದರೆ ನನ್ನನ್ನು, ಬಾಯಿ ತುಂಬ ಹೊಗಳಿದಿರಿ. ಸಂತೋಷ. ಆದರೆ ನಲವತ್ತೂ ತುಂಬದವಳಿಗೆ ಬೀಳ್ಕೊಡುಗೆ ಯಾಕೆ?

ಹಳೆಯ ಬೋರ್ಡಿನಲ್ಲಿ ಕರೆ ಬಂದರೆ ಟಕ್ಕೆಂದು ತಗಡಿನ ಮುಚ್ಚಳ ಬೀಳುತ್ತಿತ್ತು. ಮುಟ್ಟಿ ನೋಡಿ ಲೈನ್ ಕೊಡುತ್ತಿದ್ದೆ. ಈಗ ಎಂಬತ್ತೆಂಟನೇ ಇಸವಿ, ಕಂಪ್ಯೂಟರ್ ಬೋರ್ಡ್ ಬಂದಿದೆ. ಅದರಲ್ಲಿ ದೀಪ ಹೊತ್ತಿಕೊಳ್ಳುತ್ತದಂತೆ. ಭಾರೀ ಚಂದ ಉಂಟಂತೆ. ಸದ್ದು ಮಾತ್ರ ಇಲ್ಲ.

ಸದ್ದು ಹಾಕಲು ಆಗುವುದಿಲ್ಲವೇ? ಆಗುತ್ತದೆ. ಬೋರ್ಡ್ ತಂದ ರುಡೊಲ್ಫ್ ಅವರೇ ಹೇಳಿದರು: "ಪ್ರೋಗ್ರಾಮಿನಲ್ಲಿ ಸ್ವಲ್ಪ ಬದಲಾಯಿಸಿದ್ರೆ ಆಯ್ತು ಮೇಡಂ. ಆದ್ರೆ ಮ್ಯಾನೇಜರ್ ಹೇಳ್ಬೇಕು." ಮ್ಯಾನೇಜರ್ ಮೋಹನದಾಸರು ಹೇಳಿದರು: "ನಾನೆಂತ ಹೇಳುದು? ಬೋರ್ಡ್ ಮಾಡಿದವರೇ ಯೋಚನೆ ಮಾಡ್ಬೇಕಿತ್ತು. ಬೇಕಾದ್ರೆ ಯೂನಿಯನ್ ಕೇಳಲಿ." ಯೂನಿಯನ್ನಿನ ಶೀನಪ್ಪಣ್ಣ ತಲೆ ಕೆರೆದುಕೊಂಡರು: "ಮಾರಾಯ್ತಿ, ನಾವು ಕಂಪ್ಯೂಟರೇ ಬೇಡ ಹೇಳುವವರು. ಅದನ್ನು ಸರಿ ಮಾಡಿ ಅಂತ ಕೇಳುದು ಹೇಗೆ?" ಮೂವರಲ್ಲಿ ಒಮ್ಮತ ಮೂಡಿದ್ದು ಈ ಶಾಲಿನ ವಿಷಯದಲ್ಲಿ ಮಾತ್ರ.

ತೊಕ್ಕೊಟ್ಟಿನ ಮನೆಯಲ್ಲಿ ತಮ್ಮನ ಹೆಂಡತಿ ಗುಣವತಿ, "ಅಕ್ಕ, ಇನ್ನು ಇಲ್ಲಿ ಆರಾಮ ಕೂತ್ಕೊಳ್ಳಿ" ಎಂದು ಕುರ್ಚಿಯನ್ನೂ ತೋರಿಸಿದಳು. ನನಗೆ ಕಾಣುವುದಿಲ್ಲವೆಂದು ನೆನಪಾದ ಮೇಲೆ ಕೈಹಿಡಿದು ಕೂರಿಸಿದಳು. ಒಳ್ಳೆಯವಳು. ಆದರೆ ಆ ಮೂಲೆಯಲ್ಲಿ ನನ್ನನ್ನು ಕೇಳಿಕೊಂಡು ಬರುವವರು ಯಾರು? ಇಲ್ಲಿ ಮಂಗಳೂರು ಇಡೀ ಮೊದಲು ನನ್ನ ಹತ್ತಿರ ಮಾತಾಡುತ್ತದೆ. ನನಗೆ ಹೆದರಿಕೆಯಾಗಿದೆ, ಸಭಿಕರೇ. ಇದನ್ನು ಹೇಳಬಾರದು ಎಂದುಕೊಂಡೇ ಬಂದಿದ್ದೆ.

ಆದ್ದರಿಂದ ನಾನು ಹೋಗುವುದಿಲ್ಲ. ರಾಜೀನಾಮೆ ನಾನು ಕೊಟ್ಟಿಲ್ಲ. ಸನ್ಮಾನದ ಗಡಿಬಿಡಿಯಲ್ಲಿ ಕೇಳಲಿಕ್ಕೆ ನೀವೂ ಮರೆತಿದ್ದೀರಿ. ಶಾಲು ಹಿಂದೆ ಕೊಡುವುದಿಲ್ಲ. ಬೋರ್ಡಿನ ಕೋಣೆಗೆ ಎ.ಸಿ. ಹಾಕಿಸಿದ್ದೀರಿ, ಚಳಿ.

ನಾಳೆ ಬೆಳಿಗ್ಗೆ ಬೋರ್ಡಿನ ಮುಂದೆ ಇರುತ್ತೇನೆ. ಪ್ರೋಗ್ರಾಮಿಗೆ ಸದ್ದು ಬರುವವರೆಗೆ ಈ ಮೂವರಲ್ಲಿ ಒಬ್ಬರು ನನ್ನ ಪಕ್ಕ ಕುಳಿತು, ದೀಪ ಹೊತ್ತಿಕೊಂಡಾಗಲೆಲ್ಲ ಬಾಯಲ್ಲಿ 'ಟಿಂಗ್' ಎನ್ನಬೇಕು. ನಾಳೆಯ ಸರದಿ ಮ್ಯಾನೇಜರರದ್ದು.

ಮೂವರೂ ಸಂತೋಷದಿಂದ ತಲೆಯಾಡಿಸಿದ್ದೀರಿ ಎಂದೇ ತಿಳಿಯುತ್ತೇನೆ, ನನಗೇನು, ಕಾಣುವುದಿಲ್ಲವಲ್ಲ. ಧನ್ಯವಾದ, ನಮಸ್ಕಾರ.